ಜ್ವರದ ಗಳಿಗೆಯಿಂದ ಔಷಧದ ಗಳಿಗೆಯವರೆಗೆ: ರಕ್ತಕ್ಯಾನ್ಸರ್ ರೋಗಿಗಳಲ್ಲಿ ರಕ್ತಸೋಂಕಿನ ಶೀಘ್ರ ಆಣ್ವಿಕ ಪತ್ತೆ



ರಕ್ತಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ರೋಗಿಗೆ ಜ್ವರ ಬಂದಾಗ ವೈದ್ಯರ ಮುಂದೆ ಮೂರು ಪ್ರಶ್ನೆಗಳು ಏಳುತ್ತವೆ: ರಕ್ತದೊಳಗೆ ಸೂಕ್ಷ್ಮಾಣು ಹೊಕ್ಕಿದೆಯೇ, ಹೊಕ್ಕಿದ್ದರೆ ಅದು ಯಾವುದು, ಯಾವ ಔಷಧಕ್ಕೆ ಅದು ಬಗ್ಗುತ್ತದೆ. ಈ ಮೂರಕ್ಕೂ ಉತ್ತರ ಹೇಳಲು ಪ್ರಯೋಗಾಲಯಗಳಿಗೆ ಬಹುಕಾಲ ಎರಡರಿಂದ ಮೂರು ದಿನ ಬೇಕಾಗುತ್ತಿತ್ತು. ಸೂಕ್ಷ್ಮಾಣುವಿನ ವಂಶವಾಹಿಯನ್ನೇ ಹುಡುಕಿ ಓದುವ ಆಣ್ವಿಕ ಪರೀಕ್ಷೆಗಳು ಬಂದ ಮೇಲೆ ಮೊದಲ ಎರಡು ಪ್ರಶ್ನೆಗಳಿಗೆ, ಕೆಲವು ಸಂದರ್ಭಗಳಲ್ಲಿ ಮೂರನೆಯದಕ್ಕೂ, ಗಂಟೆಗಳ ಲೆಕ್ಕದಲ್ಲಿ ಉತ್ತರ ದೊರೆಯತೊಡಗಿದೆ. ಈ ಬದಲಾವಣೆಯ ಬಲವೇನು, ಮಿತಿಯೇನು, ಅದರಿಂದ ರೋಗಿಗೆ ನಿಜವಾಗಿ ದಕ್ಕುವುದೇನು ಎಂಬುದು ಇಂದಿನ ಉಪನ್ಯಾಸದ ವಸ್ತು.

ವಿವೇಚನೆಯನ್ನು ನಾಲ್ಕು ಭಾಗಗಳಲ್ಲಿ ನಡೆಸಲಾಗುವುದು. ಈ ರೋಗಿಗಳ ಜ್ವರ ಉಳಿದವರ ಜ್ವರಕ್ಕಿಂತ ಏಕೆ ಭಿನ್ನವೆಂಬುದು ಮೊದಲನೆಯದು. ರಕ್ತದ ಕಲ್ಚರ್ ಎಂಬ ಹಳೆಯ ಪರೀಕ್ಷೆ ನಡೆಯುವ ಬಗೆ ಮತ್ತು ಅದಕ್ಕೆ ಹಿಡಿಯುವ ಕಾಲ ಎರಡನೆಯದು. ಆಣ್ವಿಕ ಪರೀಕ್ಷೆಗಳ ಮೂರು ಬಗೆಗಳೂ ಅವುಗಳ ಮಿತಿಗಳೂ ಮೂರನೆಯದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿರುವ ಭಾರತದಲ್ಲಿ ಈ ಪರೀಕ್ಷೆಗಳಿಗಿರುವ ಸ್ಥಾನವೂ ಪರೀಕ್ಷೆಯ ಉತ್ತರ ರೋಗಿಯ ಹಾಸಿಗೆಯನ್ನು ತಲುಪುವ ದಾರಿಯೂ ನಾಲ್ಕನೆಯದು. ಸಭೆಯಲ್ಲಿ ವೈದ್ಯರಲ್ಲದವರೂ ಇರುವುದರಿಂದ ಪಾರಿಭಾಷಿಕ ಪದಗಳನ್ನು ಅವು ಬಂದಲ್ಲೇ ವಿವರಿಸಲಾಗುವುದು.

ಮೊದಲ ಭಾಗವನ್ನು ಮೂಳೆಮಜ್ಜೆಯಿಂದಲೇ ಆರಂಭಿಸುವುದು ಸೂಕ್ತ. ರಕ್ತಕ್ಯಾನ್ಸರ್ ಎಂಬ ಹೆಸರಿನಡಿ ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಮೊದಲಾದ ಅನೇಕ ಕಾಯಿಲೆಗಳು ಸೇರುತ್ತವೆ. ಅವುಗಳಲ್ಲಿ ಸೋಂಕಿನ ಅಪಾಯ ಅತ್ಯಂತ ತೀವ್ರವಾಗಿರುವುದು ತೀವ್ರ ಸ್ವರೂಪದ ಲ್ಯುಕೇಮಿಯಾಗಳಲ್ಲಿ. ಇಲ್ಲಿ ಬಲಿಯದ ಕ್ಯಾನ್ಸರ್ ಕಣಗಳು ಮಜ್ಜೆಯನ್ನು ತುಂಬಿಕೊಂಡು ಆರೋಗ್ಯವಂತ ಕಣಗಳ ತಯಾರಿಕೆಗೆ ಎಡೆಯಿಲ್ಲದಂತೆ ಮಾಡುತ್ತವೆ. ಆ ಕಣಗಳನ್ನು ಕೊಲ್ಲಲು ಕೊಡುವ ಕೀಮೋಥೆರಪಿ ಅಳಿದುಳಿದ ಒಳ್ಳೆಯ ಕಣಗಳನ್ನೂ ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ನುಂಗಿ ಕೊಲ್ಲುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ರಕ್ತದಲ್ಲಿ ಬಹಳ ಹೊತ್ತು ಉಳಿಯುವಂಥದ್ದಲ್ಲ; ಮಜ್ಜೆ ಅದನ್ನು ದಿನವೂ ಹೊಸದಾಗಿ ಹೆತ್ತು ಕಳಿಸುತ್ತಿರಬೇಕು. ಆ ತಯಾರಿಕೆ ನಿಂತೊಡನೆ ಅದರ ಎಣಿಕೆ ಕುಸಿಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1,500ಕ್ಕಿಂತ ಹೆಚ್ಚಿರಬೇಕಾದ ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕೆಳಗಿಳಿದರೆ ಅದು ತೀವ್ರ ಕೊರತೆ, 100ಕ್ಕಿಂತ ಕೆಳಗಿಳಿದರೆ ಅತಿ ತೀವ್ರ ಕೊರತೆ. ಈ ಸ್ಥಿತಿಗೆ ನ್ಯೂಟ್ರೋಪೀನಿಯಾ ಎಂದು ಹೆಸರು.

ಎಣಿಕೆ ಕುಸಿದಷ್ಟೂ, ಕುಸಿತ ಹೆಚ್ಚು ದಿನ ಉಳಿದಷ್ಟೂ ಸೋಂಕು ಹೆಚ್ಚುತ್ತದೆಂಬುದನ್ನು ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಅಮೆರಿಕದ ಲ್ಯುಕೇಮಿಯಾ ರೋಗಿಗಳಲ್ಲಿ ಅಧ್ಯಯನ ಮಾಡಿ 1966ರಲ್ಲಿ ಅಂಕಿ ಅಂಶಗಳೊಂದಿಗೆ ತೋರಿಸಿದರು. ಅಂದು ಸ್ಥಾಪಿತವಾದ ಆ ಸಂಬಂಧ ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ. ಒಮ್ಮೆ ಅಳೆದಾಗ 38.3 ಡಿಗ್ರಿ ಸೆಲ್ಸಿಯಸ್ ಇರುವ, ಇಲ್ಲವೆ ಒಂದು ಗಂಟೆ ಕಾಲ 38 ಡಿಗ್ರಿಗಿಂತ ಕೆಳಗಿಳಿಯದೆ ನಿಲ್ಲುವ ಜ್ವರವನ್ನು ಈ ರೋಗಿಗಳಲ್ಲಿ ತುರ್ತುಸ್ಥಿತಿಯೆಂದೇ ಪರಿಗಣಿಸಲಾಗುತ್ತದೆ. ಕೀಮೋಥೆರಪಿಯಿಂದ ನ್ಯೂಟ್ರೋಪೀನಿಯಾಕ್ಕೆ ಒಳಗಾದ ರಕ್ತಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಇಂಥ ಜ್ವರ ಕಾಣುತ್ತಾರೆ. ಆದರೆ ಜ್ವರ ಬಂದವರಲ್ಲಿ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕುವುದು ಶೇಕಡ 10ರಿಂದ 25ರಷ್ಟು ಮಂದಿಯಲ್ಲಿ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ರೋಗನಿರ್ಣಯದ ಕಷ್ಟವೆಲ್ಲ ಅಡಗಿದೆ.

ಈ ಕಷ್ಟಕ್ಕೆ ಇನ್ನೊಂದು ಮುಖವೂ ಉಂಟು. ಹುಣ್ಣು ಕೆಂಪಾಗಿ ಬಾತುಕೊಳ್ಳುವುದು, ಕೀವು ಕಟ್ಟುವುದು, ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ನೆರಳು ಬೀಳುವುದು ಇವೆಲ್ಲ ಸೋಂಕಿನ ಗುರುತುಗಳೆಂದು ತೋರಿದರೂ ವಾಸ್ತವದಲ್ಲಿ ಇವು ಬಹುಪಾಲು ಸೋಂಕಿನ ಮೇಲೆ ನ್ಯೂಟ್ರೋಫಿಲ್‌ಗಳು ಸಾರಿದ ಯುದ್ಧದ ಗುರುತುಗಳು. ಕೀವು ಎಂಬುದು ಮುಖ್ಯವಾಗಿ ಹೋರಾಡಿ ಸತ್ತ ಆ ಕಣಗಳ ರಾಶಿಯೇ. ಯೋಧರೇ ಇಲ್ಲದ ದೇಹದಲ್ಲಿ ಯುದ್ಧದ ಸದ್ದೂ ಇರುವುದಿಲ್ಲ. ಗಂಟಲನ್ನು ನೋಡಿ, ಎದೆಯನ್ನು ಆಲಿಸಿ, ಚರ್ಮವನ್ನು ಪರೀಕ್ಷಿಸಿ ಸೋಂಕಿನ ನೆಲೆಯನ್ನು ಊಹಿಸುವ ವೈದ್ಯರ ಅನುಭವಕ್ಕೆ ಇಲ್ಲಿ ಜ್ವರವೊಂದನ್ನು ಬಿಟ್ಟರೆ ಬೇರೆ ಆಧಾರ ಸಿಕ್ಕುವುದು ಅಪರೂಪ. ಹೀಗಾಗಿ ಉಳಿದ ರೋಗಿಗಳಲ್ಲಿ ದೇಹವೇ ಹೇಳುವ ಸಾಕ್ಷ್ಯವನ್ನು ಈ ರೋಗಿಗಳಲ್ಲಿ ಪ್ರಯೋಗಾಲಯ ಹೇಳಬೇಕಾಗುತ್ತದೆ.

ಸೂಕ್ಷ್ಮಾಣು ಒಳಬರುವ ದಾರಿಗಳು ಮುಖ್ಯವಾಗಿ ಎರಡು. ಕೀಮೋಥೆರಪಿಯಿಂದ ಬಾಯಿಯಿಂದ ಕರುಳಿನವರೆಗಿನ ಒಳಪದರ ಸುಲಿದು ಹುಣ್ಣಾದಾಗ ಅಲ್ಲಿಯೇ ನೆಲೆಸಿದ್ದ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಕೆಲವು ಸ್ಟ್ರೆಪ್ಟೋಕಾಕಸ್‌ಗಳು ರಕ್ತಕ್ಕೆ ದಾಟುತ್ತವೆ. ಔಷಧ ಕೊಡಲು ಎದೆಯ ಅಥವಾ ತೋಳಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಕ್ಯಾತೆಟರ್ ಎಂಬ ಕೊಳವೆಯ ಮೂಲಕ ಚರ್ಮದ ಸ್ಟ್ಯಾಫಿಲೋಕಾಕಸ್‌ಗಳು ಒಳಸೇರುತ್ತವೆ. ಭಾರತದ ರಕ್ತಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳಂಥ ಗ್ರಾಮ್ ನೆಗೆಟಿವ್, ಅಂದರೆ ಮುಂದೆ ಹೇಳಲಿರುವ ಗ್ರಾಮ್ ವಿಧಾನದಲ್ಲಿ ಕೆಂಪಾಗಿ ಕಾಣುವ, ಬ್ಯಾಕ್ಟೀರಿಯಾಗಳ ಪಾಲೇ ದೊಡ್ಡದು. ಇವು ಚಿಕಿತ್ಸೆಯಿಲ್ಲದೆ ಉಳಿದರೆ ಗಂಟೆಗಳಲ್ಲೇ ರಕ್ತದೊತ್ತಡ ಕುಸಿದು ಸೆಪ್ಟಿಕ್ ಶಾಕ್ ಎಂಬ ಸ್ಥಿತಿ ಒದಗಬಹುದು. ಅದಕ್ಕಾಗಿಯೇ ಫಲಿತಾಂಶಕ್ಕೆ ಕಾಯದೆ ಔಷಧ ಆರಂಭಿಸುವ ಪದ್ಧತಿ ಬೆಳೆಯಿತು. ಜ್ವರ ಬಂದೊಡನೆ ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಎಂಬ ಎರಡು ಆಂಟಿಬಯೋಟಿಕ್‌ಗಳನ್ನು ಕೊಡುವುದರ ಲಾಭವನ್ನು ಸ್ಟೀಫನ್ ಶಿಂಫ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಡೋಸು ರಕ್ತನಾಳ ಸೇರಬೇಕೆಂಬುದು ಇಂದಿನ ಮಾರ್ಗಸೂಚಿಗಳ ನಿಲುವು. ಆದ್ದರಿಂದ ಯಾವ ಶೀಘ್ರ ಪರೀಕ್ಷೆಯೂ ಈ ಮೊದಲ ಡೋಸಿನ ಬದಲಿಗೆ ನಿಲ್ಲುವಂಥದ್ದಲ್ಲ. ಊಹೆಯಿಂದ ಆರಂಭಿಸಿದ ಔಷಧ ಸರಿಯೋ ತಪ್ಪೋ ಎಂಬುದನ್ನು ಬೇಗ ತಿಳಿಸುವುದೇ ಅದರ ಕೆಲಸ.

ಇನ್ನು ಎರಡನೆಯ ಭಾಗಕ್ಕೆ, ಅಂದರೆ ರಕ್ತದ ಕಲ್ಚರಿಗೆ, ಬರಬಹುದು. ರೋಗಿಯ ರಕ್ತವನ್ನು ಪೋಷಕ ದ್ರವ ತುಂಬಿದ ಬಾಟಲಿಗಳಿಗೆ ಹಾಕಿ, ದೇಹದಷ್ಟೇ ಬೆಚ್ಚಗಿರುವ ಯಂತ್ರದಲ್ಲಿಟ್ಟು, ಅದರೊಳಗೆ ಬ್ಯಾಕ್ಟೀರಿಯಾ ಇದ್ದರೆ ಬೆಳೆದು ತಾನಾಗಿ ಗೊತ್ತಾಗುವಂತೆ ಮಾಡುವುದೇ ಕಲ್ಚರ್. ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡನ್ನು ಬಾಟಲಿಯ ತಳದ ಸಂವೇದಕ ಗುರುತಿಸಿದಾಗ ಯಂತ್ರ ಎಚ್ಚರಿಕೆ ಕೊಡುತ್ತದೆ. ವಯಸ್ಕರ ರಕ್ತಸೋಂಕಿನಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ಸಲ ಹತ್ತಕ್ಕಿಂತ ಕಡಿಮೆ, ಎಷ್ಟೋ ಸಲ ಒಂದಕ್ಕಿಂತಲೂ ಕಡಿಮೆ ಬ್ಯಾಕ್ಟೀರಿಯಾ ಇರುವುದರಿಂದ ತೆಗೆದ ರಕ್ತದ ಪ್ರಮಾಣವೇ ಪರೀಕ್ಷೆಯ ಭವಿಷ್ಯವನ್ನು ನಿರ್ಧರಿಸುತ್ತದೆ: ಬಾಟಲಿಯೊಂದಕ್ಕೆ 8ರಿಂದ 10 ಮಿಲಿಲೀಟರಿನಂತೆ, ಕನಿಷ್ಠ ಎರಡು ಜೊತೆ ಬಾಟಲಿಗಳಿಗೆ ರಕ್ತ ಹಾಕಬೇಕು. ಮೂರು ಮಿಲಿಲೀಟರ್ ಹಾಕಿ ಕಳಿಸಿದ ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಅದು ಸೋಂಕಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ.

ಕಾಲದ ಲೆಕ್ಕ ಹೀಗೆ ಸಾಗುತ್ತದೆ. ಬೆಳೆಯುವ ಬಾಟಲಿಗಳಲ್ಲಿ ಬಹುಪಾಲು ಮೊದಲ 24 ಗಂಟೆಯೊಳಗೆ ಎಚ್ಚರಿಕೆ ಕೊಡುತ್ತವೆ. ಆಗ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ, 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ವಿಧಾನದಿಂದ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಗಿದೆಯೋ ಕಡ್ಡಿಯಂತಿದೆಯೋ, ನೇರಳೆಯೋ ಕೆಂಪೋ ಎಂಬಷ್ಟು ತಿಳಿಯುತ್ತದೆ. ಹೆಸರು ತಿಳಿಯಲು ಅದನ್ನು ತಟ್ಟೆಯ ಮೇಲೆ ಮತ್ತೆ ಬೆಳೆಸಬೇಕು. ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಔಷಧಗಳ ಎದುರು ಇನ್ನೊಮ್ಮೆ ಬೆಳೆಸಬೇಕು. ಹೀಗೆ ಮೂರು ಬೆಳೆಗಳು ಒಂದರ ಹಿಂದೊಂದು ನಡೆಯುವುದರಿಂದ 48ರಿಂದ 72 ಗಂಟೆಗಳು ಕಳೆಯುತ್ತವೆ. ಔಷಧ ಆರಂಭಿಸಿದ ಮೇಲೆ ರಕ್ತ ತೆಗೆದರಂತೂ ಬ್ಯಾಕ್ಟೀರಿಯಾ ಬೆಳೆಯದೆಯೇ ಹೋಗಬಹುದು. ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ 325 ತೀವ್ರ ಸೋಂಕಿನ ರೋಗಿಗಳ ರಕ್ತವನ್ನು ಔಷಧಕ್ಕೆ ಮೊದಲೊಮ್ಮೆ, ಔಷಧದ ನಂತರದ ಎರಡು ಗಂಟೆಯೊಳಗೆ ಇನ್ನೊಮ್ಮೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸಲ ಶೇಕಡ 31.4 ಮಂದಿಯಲ್ಲಿ ಬೆಳೆದ ಸೂಕ್ಷ್ಮಾಣು ಎರಡನೆಯ ಸಲ ಶೇಕಡ 19.4 ಮಂದಿಯಲ್ಲಿ ಮಾತ್ರ ಬೆಳೆಯಿತು.

ಇಷ್ಟಾದರೂ ಕಲ್ಚರಿನ ಹಿರಿಮೆಯನ್ನು ಕಡೆಗಣಿಸುವಂತಿಲ್ಲ. ಅದು ಬದುಕಿರುವ ಬ್ಯಾಕ್ಟೀರಿಯಾವನ್ನೇ ಕೈಗೆ ಕೊಡುತ್ತದೆ. ಬದುಕಿರುವುದನ್ನು ಮಾತ್ರ ಔಷಧದ ಎದುರು ನಿಲ್ಲಿಸಿ ಸಾಯುತ್ತದೆಯೇ ಎಂದು ನೋಡಲು ಸಾಧ್ಯ. ಅದು ಹಿಡಿಯುವ ಹೊತ್ತು ಕೂಡ ಕೆಲವೊಮ್ಮೆ ಮಾಹಿತಿಯಾಗುತ್ತದೆ: ಕ್ಯಾತೆಟರಿನಿಂದ ತೆಗೆದ ರಕ್ತದ ಬಾಟಲಿ ತೋಳಿನ ನಾಳದಿಂದ ತೆಗೆದ ರಕ್ತದ ಬಾಟಲಿಗಿಂತ ಎರಡು ಗಂಟೆಗೂ ಮುಂಚೆ ಎಚ್ಚರಿಕೆ ಕೊಟ್ಟರೆ ಸೋಂಕಿನ ಮೂಲ ಆ ಕೊಳವೆಯೇ ಎಂದು ಬಲವಾಗಿ ಶಂಕಿಸಬಹುದು.

ಇಲ್ಲಿಂದ ಉಪನ್ಯಾಸದ ಮುಖ್ಯ ಭಾಗವಾದ ಆಣ್ವಿಕ ಪರೀಕ್ಷೆಗಳತ್ತ ಹೊರಳಬಹುದು. ಇವುಗಳ ಬೇರು ಇರುವುದು ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿ 1993ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪಿಸಿಆರ್ ಎಂಬ ತಂತ್ರದಲ್ಲಿ. ಕೋವಿಡ್ ಕಾಲದಿಂದ ಈ ಹೆಸರು ಮನೆಮಾತಾಗಿದೆ. ಬೇಕಾದ ಡಿಎನ್‌ಎ ತುಣುಕನ್ನು ಗುರುತಿಸಿ ಅದನ್ನು ಸುತ್ತಿನಿಂದ ಸುತ್ತಿಗೆ ಇಮ್ಮಡಿಗೊಳಿಸುತ್ತ ಹೋಗುವುದೇ ಅದರ ಸಾರ: ಒಂದು ತುಣುಕು 30 ಸುತ್ತುಗಳಲ್ಲಿ ಸುಮಾರು 107 ಕೋಟಿಯಾಗುತ್ತದೆ. ಗಮನಿಸಿ ನೋಡಿದರೆ ಕಲ್ಚರ್ ಬಾಟಲಿಯಲ್ಲಿ ನಡೆಯುವುದೂ ಇಮ್ಮಡಿಯೇ. ಅನುಕೂಲ ಸ್ಥಿತಿಯಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಬಾಟಲಿಗೆ ಬಿದ್ದ ಹತ್ತು ಬ್ಯಾಕ್ಟೀರಿಯಾಗಳು ಯಂತ್ರಕ್ಕೆ ಗೊತ್ತಾಗುವಷ್ಟು, ಅಂದರೆ ನೂರಾರು ಕೋಟಿಯಷ್ಟು, ಆಗಬೇಕಾದರೆ ಅವೂ ಮೂವತ್ತರ ಆಸುಪಾಸಿನಷ್ಟು ಸಲ ಇಮ್ಮಡಿಸಬೇಕು, ಅದಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಪಿಸಿಆರ್ ಅಷ್ಟೇ ಸುತ್ತುಗಳನ್ನು ಒಂದು ಗಂಟೆಯ ಒಳಗೆ ಮುಗಿಸುತ್ತದೆ. ಗಣಿತ ಒಂದೇ; ಇಮ್ಮಡಿಯಾಗುವ ವಸ್ತು ಬೇರೆ. ಬಾಟಲಿ ಜೀವವನ್ನು ಬೆಳೆಸುತ್ತದೆ, ಪಿಸಿಆರ್ ಬರಹವನ್ನು ನಕಲು ಮಾಡುತ್ತದೆ. ಈ ಪರೀಕ್ಷೆಗಳ ವೇಗವೂ ಅವುಗಳ ಮಿತಿಯೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮೊದಲ ಬಗೆಯ ಪರೀಕ್ಷೆ ಕಲ್ಚರನ್ನು ಬಿಟ್ಟುಕೊಡದೆ ಅದರ ಹೆಗಲೇರಿ ಕೆಲಸ ಮಾಡುತ್ತದೆ. ಬಾಟಲಿ ಎಚ್ಚರಿಕೆ ಕೊಟ್ಟೊಡನೆ ಅದರ ದ್ರವವನ್ನು ಒಂದು ಮುಚ್ಚಿದ ಪೊಟ್ಟಣಕ್ಕೆ ಹಾಕಿ ಯಂತ್ರಕ್ಕೆ ಕೊಟ್ಟರೆ ಹತ್ತಾರು ಸೂಕ್ಷ್ಮಾಣುಗಳ ಡಿಎನ್‌ಎಯನ್ನು ಒಟ್ಟಿಗೆ ಹುಡುಕಿ ಸುಮಾರು ಒಂದು ಗಂಟೆಯಲ್ಲಿ ಉತ್ತರ ಬರುತ್ತದೆ. ಇಂಥ ಪರೀಕ್ಷೆಗಳಿಗೆ ಪ್ಯಾನೆಲ್ ಎಂದು ಹೆಸರು. ಹೆಚ್ಚು ಬಳಕೆಯಲ್ಲಿರುವ ಬಯೋಫೈರ್ ಪ್ಯಾನೆಲಿನ ಎರಡನೆಯ ಆವೃತ್ತಿ 26 ಬ್ಯಾಕ್ಟೀರಿಯಾ ಗುರಿಗಳು, 7 ಶಿಲೀಂಧ್ರಗಳು ಮತ್ತು ಔಷಧ ಪ್ರತಿರೋಧದ 10 ವಂಶವಾಹಿ ಗುರುತುಗಳನ್ನು, ಒಟ್ಟು 43 ಗುರಿಗಳನ್ನು, ಹುಡುಕುತ್ತದೆ. ಇದೇ ಹಂತದಲ್ಲಿ ಬಳಕೆಯಾಗುವ ಮಾಲ್ಡಿ-ಟಾಫ್ ಎಂಬ ಇನ್ನೊಂದು ವಿಧಾನ ಡಿಎನ್‌ಎಯ ಬದಲು ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಲೇಸರಿನಿಂದ ಹಾರಿಸಿ, ಅವುಗಳ ತೂಕದ ವಿನ್ಯಾಸವನ್ನು ನೋಡಿ, ನಿಮಿಷಗಳಲ್ಲಿ ಹೆಸರು ಹೇಳುತ್ತದೆ.

ಎರಡನೆಯ ಬಗೆ ಬಾಟಲಿಗೇ ಕಾಯದೆ ರೋಗಿಯ ರಕ್ತದಲ್ಲೇ ನೇರವಾಗಿ ಹುಡುಕುತ್ತದೆ. ಕೆಲವೇ ಬ್ಯಾಕ್ಟೀರಿಯಾಗಳ ಡಿಎನ್‌ಎ ಮನುಷ್ಯನ ಅಪಾರ ಡಿಎನ್‌ಎಯ ನಡುವೆ ಹೂತುಹೋಗಿರುವುದರಿಂದಲೂ, ರಕ್ತದ ಹೀಮ್ ಮೊದಲಾದ ವಸ್ತುಗಳು ಪಿಸಿಆರ್‌ಗೆ ಅಡ್ಡಿಪಡಿಸುವುದರಿಂದಲೂ ಇದು ಬಹುಕಾಲ ಕೈಗೂಡದ ಕೆಲಸವಾಗಿತ್ತು. ಟಿ2 ಎಂಬ ತಂತ್ರ ಗುರಿಯ ಡಿಎನ್‌ಎಯನ್ನು ಹೆಚ್ಚಿಸಿದ ಮೇಲೆ ಅದಕ್ಕೆ ಅಂಟಿಕೊಳ್ಳುವ ಅತಿಸೂಕ್ಷ್ಮ ಕಾಂತೀಯ ಕಣಗಳನ್ನು ಬಳಸಿ, ಎಂಆರ್‌ಐ ಯಂತ್ರದ ತತ್ತ್ವದಿಂದಲೇ ಅವುಗಳ ಗುಂಪುಗೂಡುವಿಕೆಯನ್ನು ಅಳೆದು, ಮೂರರಿಂದ ಐದು ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಕ್ಯಾಂಡಿಡಾ ಶಿಲೀಂಧ್ರದ ಐದು ಪ್ರಭೇದಗಳನ್ನು ಹುಡುಕುವ ಇದರ ಪರೀಕ್ಷೆಗೆ ಅಮೆರಿಕದಲ್ಲಿ 2014ರಲ್ಲೂ, ಐದು ಬ್ಯಾಕ್ಟೀರಿಯಾಗಳನ್ನು ಹುಡುಕುವ ಪರೀಕ್ಷೆಗೆ 2018ರಲ್ಲೂ ಅನುಮತಿ ದೊರೆಯಿತು. ಕಲ್ಚರಿನಲ್ಲಿ ನಿಧಾನವಾಗಿ ಬೆಳೆಯುವ, ಕೆಲವೊಮ್ಮೆ ಬೆಳೆಯದೆಯೇ ಹೋಗುವ ಕ್ಯಾಂಡಿಡಾ ಈ ರೋಗಿಗಳಿಗೆ ಎಷ್ಟು ಮಾರಕವೆಂಬುದನ್ನು ನೆನೆದರೆ ಈ ತಂತ್ರದ ಮಹತ್ವ ಅರಿವಾಗುತ್ತದೆ.

ಮೂರನೆಯ ಬಗೆ ಅತ್ಯಂತ ವಿಶಾಲವಾದದ್ದು. ದೇಹದ ಯಾವ ಮೂಲೆಯಲ್ಲಿ ಸೂಕ್ಷ್ಮಾಣು ಸತ್ತರೂ ಅದರ ಡಿಎನ್‌ಎ ಚೂರುಗಳು ರಕ್ತದ ಪ್ಲಾಸ್ಮಾವನ್ನು ಸೇರುತ್ತವೆ. ಪ್ಲಾಸ್ಮಾದಲ್ಲಿರುವ ಚೂರುಗಳನ್ನೆಲ್ಲ ಓದಿ, ಮನುಷ್ಯನವನ್ನು ತೆಗೆದುಹಾಕಿ, ಉಳಿದವು ಯಾರವೆಂದು ಗಣಕದ ನೆರವಿನಿಂದ ಗುರುತಿಸುವುದೇ ಈ ವಿಧಾನ. ಇದು ಪಟ್ಟಿ ಹಿಡಿದು ಹುಡುಕುವುದಿಲ್ಲ, ಸಿಕ್ಕಿದ್ದನ್ನೆಲ್ಲ ಓದುತ್ತದೆ. ರಕ್ತದ ಕಲ್ಚರಿನಲ್ಲಿ ಬೆಳೆಯುವುದೇ ಅಪರೂಪವಾದ ಆಸ್ಪರ್ಜಿಲ್ಲಸ್‌ನಂಥ ಶಿಲೀಂಧ್ರ ಶ್ವಾಸಕೋಶದ ಆಳದಲ್ಲಿದ್ದರೂ ಇದರ ಕಣ್ಣಿಗೆ ಬೀಳುವ ಸಾಧ್ಯತೆಯುಂಟು. ಅಮೆರಿಕದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯ ತಂಡ 2020ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನದಲ್ಲಿ, ಕ್ಯಾನ್ಸರ್ ಮರುಕಳಿಸಿದ ಮಕ್ಕಳ ರಕ್ತದಲ್ಲಿ ಸೋಂಕು ಪ್ರಕಟವಾಗುವ ಮೊದಲಿನ ದಿನಗಳಲ್ಲೇ ಸೂಕ್ಷ್ಮಾಣುವಿನ ಡಿಎನ್‌ಎ ಅನೇಕ ಸಂದರ್ಭಗಳಲ್ಲಿ ಕಂಡುಬಂದಿತ್ತು. ಜ್ವರಕ್ಕೂ ಮುನ್ನ ಸೋಂಕನ್ನು ಕಾಣುವ ಈ ಸಾಧ್ಯತೆ ಆಕರ್ಷಕವೇ ಸರಿ. ಆದರೆ ಇದರ ವೆಚ್ಚ ದೊಡ್ಡದು, ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕಾದಲ್ಲಿ ಗಂಟೆಗಳಲ್ಲಿ ಗಳಿಸಿದ ವೇಗ ದಿನಗಳ ಪ್ರಯಾಣದಲ್ಲಿ ಕರಗಿಹೋಗುತ್ತದೆ.

ಮೂರು ಬಗೆಗಳ ಪರಿಚಯವಾದ ಮೇಲೆ ಅವುಗಳ ಮಿತಿಗಳನ್ನು ಹೇಳುವುದು ಅವಶ್ಯಕ. ಒಂದನೆಯದು, ಪ್ಯಾನೆಲ್ ಎಂಬುದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುವ ಸಾಕ್ಷಿ. ಕರ್ನಾಟಕದ ಕರಾವಳಿಯಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಮಣ್ಣು ನೀರಿನಿಂದ ತಗಲುವ ಮೆಲಿಯೋಯ್ಡೋಸಿಸ್ ಎಂಬ ಕಾಯಿಲೆಗೆ ಕಾರಣವಾದ ಬರ್ಕೋಲ್ಡೇರಿಯಾ ಸ್ಯೂಡೋಮಲೈ ಮೇಲೆ ಹೇಳಿದ 43 ಗುರಿಗಳಲ್ಲಿ ಇಲ್ಲ. ಉಡುಪಿ, ಮಂಗಳೂರುಗಳ ಪ್ರಯೋಗಾಲಯಗಳು ಚೆನ್ನಾಗಿ ಬಲ್ಲ ಈ ಬ್ಯಾಕ್ಟೀರಿಯಾದ ಬಾಟಲಿಗೆ ಆ ಪ್ಯಾನೆಲ್ ಏನೂ ಇಲ್ಲವೆಂದೇ ಹೇಳುತ್ತದೆ. ಎರಡನೆಯದು, ಡಿಎನ್‌ಎ ಇದೆಯೆಂದರೆ ಜೀವಂತ ಸೂಕ್ಷ್ಮಾಣು ಇದೆಯೆಂದೇ ಅರ್ಥವಲ್ಲ. ಔಷಧದಿಂದ ಸತ್ತುಹೋದದ್ದರ ಅವಶೇಷವೂ, ಹುಣ್ಣಾದ ಕರುಳಿನಿಂದ ಸೋರಿದ ಚೂರೂ, ಚರ್ಮದಿಂದ ಸೂಜಿಯ ಜೊತೆ ಬಂದ ಕಲಬೆರಕೆಯೂ ಒಂದೇ ಬಗೆಯಾಗಿ ಕಾಣುತ್ತವೆ. ಮೂರನೆಯದು, ಪ್ರತಿರೋಧದ ವಂಶವಾಹಿ ಸಿಕ್ಕರೆ ಆ ಔಷಧ ಕೆಲಸ ಮಾಡದೆಂದು ಬಹುಮಟ್ಟಿಗೆ ನಂಬಬಹುದು, ಆದರೆ ಸಿಗದಿದ್ದರೆ ಔಷಧ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ಸ್ಯೂಡೋಮೋನಾಸ್‌ನಂಥ ಬ್ಯಾಕ್ಟೀರಿಯಾ ಔಷಧ ಒಳಬರುವ ಬಾಗಿಲನ್ನು ಮುಚ್ಚಿ, ಒಳಬಂದದ್ದನ್ನು ಹೊರದೂಡಿ, ಯಾವ ಪ್ಯಾನೆಲಿಗೂ ಕಾಣದ ಹಾದಿಯಲ್ಲಿ ಪ್ರತಿರೋಧ ಒಡ್ಡಬಲ್ಲದು.

ನಾಲ್ಕನೆಯ ಮಿತಿಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸಬಹುದು. ಜ್ವರ ಬಂದ 100 ಮಂದಿಯಲ್ಲಿ 20 ಮಂದಿಯ ರಕ್ತದಲ್ಲಿ ನಿಜಕ್ಕೂ ಬ್ಯಾಕ್ಟೀರಿಯಾ ಇದೆಯೆಂದು ಭಾವಿಸೋಣ. ಇದ್ದವರಲ್ಲಿ ಶೇಕಡ 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇಕಡ 95 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆ ಕೈಯಲ್ಲಿದೆಯೆಂದಿರಲಿ. ಅದು 18 ಮಂದಿಯನ್ನು ಹಿಡಿದು ಇಬ್ಬರನ್ನು ತಪ್ಪಿಸುತ್ತದೆ, ಸೋಂಕಿಲ್ಲದ ನಾಲ್ವರ ಮೇಲೆ ತಪ್ಪು ಎಚ್ಚರಿಕೆ ಕೊಡುತ್ತದೆ. ಕೇಳಲು ಇದು ಉತ್ತಮ ಪರೀಕ್ಷೆ. ಆದರೆ ನ್ಯೂಟ್ರೋಫಿಲ್‌ಗಳೇ ಇಲ್ಲದ ದೇಹದಲ್ಲಿ ತಪ್ಪಿಹೋದ ಆ ಇಬ್ಬರು ಯಾರೆಂದು ತಿಳಿಯದಿರುವುದರಿಂದ ‘ಇಲ್ಲ’ ಎಂಬ ಫಲಿತಾಂಶ ಬಂದ 78 ಮಂದಿಯಲ್ಲಿ ಯಾರ ಔಷಧವನ್ನೂ ಮೊದಲ ದಿನವೇ ನಿಲ್ಲಿಸುವ ಧೈರ್ಯ ಬರುವುದಿಲ್ಲ. ಆಣ್ವಿಕ ಪರೀಕ್ಷೆಯ ‘ಇದೆ’ ಎಂಬ ಮಾತು ಕೂಡಲೇ ಉಪಯೋಗಕ್ಕೆ ಬರುತ್ತದೆ. ಅದರ ‘ಇಲ್ಲ’ ಎಂಬ ಮಾತು ಜ್ವರ ಇಳಿದು, ರೋಗಿ ಚೇತರಿಸಿಕೊಂಡು, ಕಲ್ಚರೂ ಬರಿದಾಗಿ ಉಳಿದಾಗಲಷ್ಟೇ ತೂಕ ಪಡೆಯುತ್ತದೆ. ಜ್ವರವಿಲ್ಲದೆ 72 ಗಂಟೆ ಕಳೆದು ರೋಗಿ ಚೇತರಿಸಿಕೊಂಡಿದ್ದರೆ ನ್ಯೂಟ್ರೋಫಿಲ್‌ಗಳು ಮರಳುವವರೆಗೂ ಕಾಯದೆ ಊಹೆಯ ಔಷಧವನ್ನು ನಿಲ್ಲಿಸುವುದು ಸುರಕ್ಷಿತವೆಂದು ಸ್ಪೇನಿನ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಅಂಥ ನಿರ್ಧಾರಕ್ಕೆ ಒತ್ತಾಸೆಯಾಗಿ ಆಣ್ವಿಕ ಪರೀಕ್ಷೆಯ ‘ಇಲ್ಲ’ ಎಂಬ ಫಲಿತಾಂಶ ನಿಲ್ಲಬಲ್ಲದು.

ಈಗ ಕೊನೆಯ ಭಾಗವಾದ ಭಾರತದ ಸಂದರ್ಭಕ್ಕೆ ಬರಬಹುದು. ಕಾರ್ಬಪೆನೆಮ್ ಎಂಬ ಆಂಟಿಬಯೋಟಿಕ್ ಗುಂಪು, ಅಂದರೆ ಮೆರೊಪೆನೆಮ್ ಮತ್ತು ಅದರ ಬಳಗ, ಗ್ರಾಮ್ ನೆಗೆಟಿವ್ ಸೋಂಕಿನ ವಿರುದ್ಧ ವೈದ್ಯರು ಬಹುಕಾಲ ನೆಚ್ಚಿದ ಅಸ್ತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2013ರಲ್ಲಿ ಆರಂಭಿಸಿದ ನಿಗಾ ಜಾಲದ ಈಚಿನ ವರದಿಗಳ ಪ್ರಕಾರ, ಅದರ ಆಸ್ಪತ್ರೆಗಳಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದಕ್ಕೂ ಬಗ್ಗುವುದಿಲ್ಲ. ಇದಕ್ಕೆ ಕಾರಣವಾದ ಕಿಣ್ವಗಳಲ್ಲಿ ಭಾರತದಲ್ಲಿ ಮುಖ್ಯವಾದವು ಎನ್‌ಡಿಎಂ ಮತ್ತು ಆಕ್ಸಾ-48 ಬಳಗದವು. ಅಮೆರಿಕದಲ್ಲಿ ಹೆಚ್ಚಾಗಿ ಕಾಣುವ ಕೆಪಿಸಿ ಇಲ್ಲಿ ಅಪರೂಪ. ಕಿಣ್ವದ ಹೆಸರು ತಿಳಿಯುವುದು ಬರಿಯ ವಿದ್ವತ್ತಿನ ವಿಷಯವಲ್ಲ. ಸೆಫ್ಟಾಜಿಡೈಮ್ ಮತ್ತು ಅವಿಬ್ಯಾಕ್ಟಮ್‌ಗಳ ಜೋಡಿ ಆಕ್ಸಾ-48 ಇರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎನ್‌ಡಿಎಂ ಇರುವುದನ್ನು ಕೊಲ್ಲದು. ಎನ್‌ಡಿಎಂ ಕಿಣ್ವಕ್ಕೆ ಅಜ್‌ಟ್ರಿಯೋನಾಮ್ ಎಂಬ ಔಷಧವನ್ನು ಒಡೆಯಲಾಗದು; ಆದರೆ ಅದೇ ಬ್ಯಾಕ್ಟೀರಿಯಾದಲ್ಲಿರುವ ಇತರ ಕಿಣ್ವಗಳು ಒಡೆಯಬಲ್ಲವು; ಆ ಇತರ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಹಿಡಿಯುತ್ತದೆ. ಆದ್ದರಿಂದ ಎನ್‌ಡಿಎಂ ಸಿಕ್ಕಾಗ ಆ ಜೋಡಿಗೆ ಅಜ್‌ಟ್ರಿಯೋನಾಮ್ ಸೇರಿಸಿ ಕೊಡುವುದು ತರ್ಕಬದ್ಧವಾದ ಚಿಕಿತ್ಸೆಯಾಗುತ್ತದೆ. ಒಂದು ವಂಶವಾಹಿಯ ಹೆಸರು ಒಂದು ಗಂಟೆಯಲ್ಲಿ ತಿಳಿದರೆ ಔಷಧದ ಚೀಟಿ ಆ ಗಂಟೆಯಲ್ಲೇ ಬದಲಾಗುವ ಸಂದರ್ಭ ಇದು. ಆಣ್ವಿಕ ಪರೀಕ್ಷೆಯ ಸಾರ್ಥಕತೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಇದೇ ಉದಾಹರಣೆ ಕಲ್ಚರಿನ ಅಗತ್ಯವನ್ನೂ ಸಾರುತ್ತದೆ. ಭಾರತದ ಇ. ಕೋಲೈಗಳಲ್ಲಿ ಕೆಲವು ತಮ್ಮ ಕೋಶಗೋಡೆ ಕಟ್ಟುವ ಪ್ರೋಟೀನೊಂದರಲ್ಲಿ ನಾಲ್ಕು ಅಮೈನೋ ಆಮ್ಲಗಳನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು ಅಜ್‌ಟ್ರಿಯೋನಾಮ್ ಅಲ್ಲಿಗೆ ಅಂಟದಂತೆ ಮಾಡಿಕೊಂಡಿವೆ. ಈ ಬದಲಾವಣೆಯನ್ನು ಸಾಮಾನ್ಯ ಪ್ಯಾನೆಲ್‌ಗಳು ಹುಡುಕುವುದಿಲ್ಲ. ವಂಶವಾಹಿಯನ್ನು ನೋಡಿ ಆಯ್ದ ಔಷಧ ನಿಜಕ್ಕೂ ಕೊಲ್ಲುತ್ತಿದೆಯೇ ಎಂಬುದಕ್ಕೆ ಬಾಟಲಿಯಲ್ಲಿ ಬೆಳೆದ ಜೀವಂತ ಬ್ಯಾಕ್ಟೀರಿಯಾವೇ ಅಂತಿಮ ಪ್ರಮಾಣವಾಗಿ ಉಳಿಯುತ್ತದೆ.

ವೆಚ್ಚದ ಮಾತನ್ನೂ ಇಲ್ಲಿ ಆಡಬೇಕು. ದೊಡ್ಡ ಪ್ಯಾನೆಲಿನ ಬೆಲೆಯನ್ನು ಎಲ್ಲ ಸರ್ಕಾರಿ ಆಸ್ಪತ್ರೆಗಳೂ ಪ್ರತಿ ಜ್ವರಕ್ಕೂ ಭರಿಸಲಾರವು. ಆದರೆ ಶೀಘ್ರತೆ ಎಂದರೆ ದುಬಾರಿ ಯಂತ್ರವೆಂದೇ ಅರ್ಥವಲ್ಲ. ಬೆಳೆದ ಬ್ಯಾಕ್ಟೀರಿಯಾದಲ್ಲಿ ಎನ್‌ಡಿಎಂ, ಆಕ್ಸಾ-48, ಕೆಪಿಸಿ, ವಿಐಎಂ, ಐಎಂಪಿ ಎಂಬ ಐದು ಕಿಣ್ವಗಳನ್ನು ಸುಮಾರು 15 ನಿಮಿಷದಲ್ಲಿ ತೋರಿಸುವ, ಗರ್ಭಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡಿಸುವ ಸರಳ ಪಟ್ಟಿಗಳು ದೊರೆಯುತ್ತವೆ. ತಟ್ಟೆಯ ಮೇಲೆ ಬಾಟಲಿಯ ದ್ರವವನ್ನು ನೇರವಾಗಿ ಹರಡಿ, ಔಷಧದ ಬಿಲ್ಲೆಗಳನ್ನಿಟ್ಟು 4, 6, 8 ಗಂಟೆಗಳಲ್ಲೇ ಫಲಿತಾಂಶ ಓದುವ ವಿಧಾನವನ್ನು ಯೂರೋಪಿನ ಯೂಕಾಸ್ಟ್ ಸಂಸ್ಥೆ ರೂಪಿಸಿದೆ. ಇದಕ್ಕೆ ಬೇಕಾದ ಸಾಮಗ್ರಿ ಬಹುತೇಕ ಪ್ರಯೋಗಾಲಯಗಳಲ್ಲಿ ಈಗಾಗಲೇ ಇದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ರೂಪಿಸಿ ಗೋವಾದ ಮೋಲ್ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಎಂಬ ಕಿರಿಯ ಪಿಸಿಆರ್ ಯಂತ್ರಕ್ಕೆ ಕ್ಷಯರೋಗದ ಪತ್ತೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಾನ್ಯತೆ ಕೊಟ್ಟಿತು; ಆಣ್ವಿಕ ಪರೀಕ್ಷೆಯನ್ನು ಸಣ್ಣ ಊರಿನ ಆರೋಗ್ಯ ಕೇಂದ್ರದವರೆಗೆ ಕೊಂಡೊಯ್ಯುವ ಕೌಶಲ ಈ ನೆಲದಲ್ಲೇ ಇದೆಯೆಂಬುದಕ್ಕೆ ಅದು ನಿದರ್ಶನ.

ಹಾಗಾದರೆ ವೇಗದಿಂದ ರೋಗಿಗೆ ದಕ್ಕುವುದೇನು? ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 617 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗ, ಅಂದರೆ ಯಾರಿಗೆ ಯಾವ ವಿಧಾನವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪ್ರಯೋಗ, ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಬಾಟಲಿ ಎಚ್ಚರಿಕೆ ಕೊಟ್ಟ ಮೇಲೆ ಸೂಕ್ಷ್ಮಾಣುವಿನ ಹೆಸರು ತಿಳಿಯಲು ಹಳೆಯ ವಿಧಾನಕ್ಕೆ 22.3 ಗಂಟೆ, ಪ್ಯಾನೆಲಿಗೆ 1.3 ಗಂಟೆ ಹಿಡಿಯಿತು. ಆದರೆ ಅನಗತ್ಯ ಔಷಧವನ್ನು ಕಡಿಮೆ ಮಾಡುವ ಹೆಜ್ಜೆಗೆ ಹಳೆಯ ವಿಧಾನದಲ್ಲಿ 34 ಗಂಟೆ ಹಿಡಿದರೆ, ಬರಿಯ ಪ್ಯಾನೆಲಿನ ಗುಂಪಿನಲ್ಲಿ 38 ಗಂಟೆ ಹಿಡಿಯಿತು. ಫಲಿತಾಂಶ ಬಂದೊಡನೆ ಸೋಂಕುತಜ್ಞರ ತಂಡ ಅದನ್ನು ಓದಿ ವೈದ್ಯರಿಗೆ ಸಲಹೆ ಕೊಟ್ಟ ಗುಂಪಿನಲ್ಲಿ ಮಾತ್ರ ಅದು 21 ಗಂಟೆಗೆ ಇಳಿಯಿತು. ಮರಣದ ಪ್ರಮಾಣದಲ್ಲಿ ಮೂರು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ 31 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಶೀಘ್ರ ಪರೀಕ್ಷೆಯಿಂದ ಮರಣ ಇಳಿದದ್ದು ಖಚಿತವಾಗಿ ಕಂಡದ್ದು ಇಂಥ ಸಲಹಾ ತಂಡವಿದ್ದಲ್ಲಿ. ತಂಡವಿಲ್ಲದಲ್ಲಿ ಆ ಲಾಭ ಖಚಿತವಾಗಲಿಲ್ಲ. ಇಪ್ಪತ್ತೊಂದು ಗಂಟೆಗಳನ್ನು ಯಂತ್ರ ಉಳಿಸಿಕೊಟ್ಟರೂ ಅದನ್ನು ರೋಗಿಗೆ ತಲುಪಿಸುವವರು ಇಲ್ಲದಿದ್ದರೆ ಆ ಗಂಟೆಗಳು ದಾರಿಯಲ್ಲೇ ಸೋರಿಹೋಗುತ್ತವೆಂಬುದು ಈ ಅಂಕಿಗಳ ತಾತ್ಪರ್ಯ.

ಆ ಸೋರಿಕೆಯ ಜಾಗಗಳು ಸಾಮಾನ್ಯವಾದವುಗಳೇ. ರಾತ್ರಿ ಹತ್ತಕ್ಕೆ ತೆಗೆದ ರಕ್ತದ ಬಾಟಲಿ ಬೆಳಗಿನವರೆಗೆ ವಾರ್ಡಿನ ಮೇಜಿನ ಮೇಲೆ ಉಳಿಯಬಹುದು. ರಾತ್ರಿ ಎರಡಕ್ಕೆ ಎಚ್ಚರಿಕೆ ಕೊಟ್ಟ ಬಾಟಲಿಯನ್ನು ಒಂಬತ್ತಕ್ಕೆ ಪ್ರಯೋಗಾಲಯದ ಬಾಗಿಲು ತೆರೆದ ಮೇಲೆ ನೋಡಬಹುದು. ಗಣಕದಲ್ಲಿ ಮೂಡಿದ ಫಲಿತಾಂಶವನ್ನು ಫೋನಿನಲ್ಲಿ ಯಾರೂ ತಿಳಿಸದಿರಬಹುದು. ತಿಳಿಸಿದರೂ ಎನ್‌ಡಿಎಂ ಎಂಬ ಮೂರಕ್ಷರದಿಂದ ಯಾವ ಔಷಧ ಬದಲಾಗಬೇಕೆಂದು ರಾತ್ರಿಪಾಳಿಯ ಕಿರಿಯ ವೈದ್ಯರಿಗೆ ತಿಳಿದಿರದಿರಬಹುದು. ತಿಳಿದಿದ್ದರೂ ಆ ಔಷಧ ಆಸ್ಪತ್ರೆಯ ಔಷಧಾಲಯದಲ್ಲಿ ಇಲ್ಲದಿರಬಹುದು. ಈ ಐದರಲ್ಲಿ ಯಾವುದೊಂದು ಕೊಂಡಿ ಕಳಚಿದರೂ ಒಂದು ಗಂಟೆಯ ಪರೀಕ್ಷೆ ಒಂದು ದಿನದ ಪರೀಕ್ಷೆಯಾಗುತ್ತದೆ. ಇವುಗಳನ್ನು ಬಿಗಿಗೊಳಿಸಲು ಬೇಕಾದದ್ದು ಸಾಕಷ್ಟು ರಕ್ತ ತೆಗೆಯುವ ಶಿಸ್ತು, ರಾತ್ರಿಯೂ ತೆರೆದಿರುವ ಪ್ರಯೋಗಾಲಯ, ಕಿಣ್ವಕ್ಕೆ ತಕ್ಕ ಔಷಧವನ್ನು ಸೂಚಿಸುವ ಒಂದು ಪುಟದ ಪಟ್ಟಿ, ಅದನ್ನು ಜಾರಿಗೆ ತರುವ ಒಬ್ಬ ಜವಾಬ್ದಾರ ವ್ಯಕ್ತಿ. ಕೀಮೋಥೆರಪಿಗೆ ಮೊದಲೇ ರೋಗಿಯ ಕರುಳಿನಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾ ನೆಲೆಸಿದೆಯೇ ಎಂದು ಗುದದ್ವಾರದ ಮಾದರಿಯಿಂದ ನೋಡಿಟ್ಟುಕೊಂಡರೆ ಜ್ವರ ಬಂದ ಗಳಿಗೆಯಲ್ಲೇ ಊಹೆ ಇನ್ನಷ್ಟು ನಿಖರವಾಗುತ್ತದೆ.

ಇದುವರೆಗಿನ ವಿವೇಚನೆಯನ್ನು ಒಟ್ಟುಗೂಡಿಸಿ ಹೇಳುವುದಾದರೆ, ರಕ್ತದ ಕಲ್ಚರ್ ಮತ್ತು ಆಣ್ವಿಕ ಪರೀಕ್ಷೆ ಒಂದನ್ನೊಂದು ತಳ್ಳಿಹಾಕುವ ಪ್ರತಿಸ್ಪರ್ಧಿಗಳಲ್ಲ. ಒಂದು ನಿಧಾನವಾಗಿ ಪೂರ್ಣ ಸತ್ಯವನ್ನೂ ಇನ್ನೊಂದು ಬೇಗನೆ ಸತ್ಯದ ಒಂದು ಭಾಗವನ್ನೂ ಹೇಳುತ್ತವೆ, ನ್ಯೂಟ್ರೋಫಿಲ್‌ಗಳಿಲ್ಲದ ದೇಹಕ್ಕೆ ಎರಡೂ ಬೇಕು. ಶೀಘ್ರ ಪರೀಕ್ಷೆಯನ್ನು ಕೊಳ್ಳಲು ಹೊರಟ ಆಸ್ಪತ್ರೆ ಯಂತ್ರದ ಮೇಲೆ ಬರೆದಿರುವ ನಿಮಿಷಗಳನ್ನು ನೋಡುವ ಮೊದಲು ತನ್ನಲ್ಲಿ ಜ್ವರ ಕಂಡ ಗಳಿಗೆಗೂ ಸರಿಯಾದ ಔಷಧ ರಕ್ತನಾಳ ಸೇರಿದ ಗಳಿಗೆಗೂ ನಡುವೆ ಇಂದು ಎಷ್ಟು ಗಂಟೆ ಕಳೆಯುತ್ತಿದೆ, ಅವುಗಳಲ್ಲಿ ಎಷ್ಟು ಪ್ರಯೋಗಾಲಯದ ಒಳಗೆ ಎಷ್ಟು ಹೊರಗೆ ಕಳೆಯುತ್ತಿವೆ ಎಂಬುದನ್ನು ಒಂದು ತಿಂಗಳ ಕಾಲ ಬರೆದಿಟ್ಟು ನೋಡುವುದು ಒಳಿತು. ಆ ಲೆಕ್ಕಕ್ಕೆ ಬೇಕಾಗುವುದು ಒಂದು ನೋಟ್‌ಬುಕ್ಕು ಮತ್ತು ಗೋಡೆಯ ಗಡಿಯಾರ ಮಾತ್ರ. ಯಾವ ಪರೀಕ್ಷೆ ಬೇಕು, ಎಲ್ಲಿ ಬೇಕು ಎಂಬುದನ್ನು ಅದೇ ತೋರಿಸಿಕೊಡುತ್ತದೆ.